ಹನ್ನೆರಡು ಅಂಕದ ಎರಡು ಕೈಗಳು

ಕಾಂಟ್ರ್ಯಾಕ್ಟ್ ಬ್ರಿಜ್ ಆಟದಲ್ಲಿ ಮೊದಲ ಎಲೆ ಇಳಿಯುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ. ಕೈಗೆ ಬಂದ ಹದಿಮೂರು ಎಲೆಗಳ ಬೆಲೆ ಅಳೆದು, ಅದನ್ನು ಎದುರು ಕುಳಿತ ಜೊತೆಗಾರನಿಗೆ ಬಿಡ್ಡಿಂಗಿನ ಮೂಲಕವಷ್ಟೇ ತಿಳಿಸಬೇಕು. ಈಚೆಗೆ ಈ ಆಟ ಕಲಿಯತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಅಂಕ ಎಣಿಸಿ ಅಲ್ಲಿಗೇ ನಿಲ್ಲುತ್ತಾರೆ. ಅವರಿಗಾಗಿ ಈ ನಾಲ್ಕು ಮಾತು.

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40. ಮಿಲ್ಟನ್ ವರ್ಕ್ ಪ್ರಚಾರಕ್ಕೆ ತಂದ ಈ ಲೆಕ್ಕವನ್ನು 1949ರಿಂದೀಚೆಗೆ ಚಾರ್ಲ್ಸ್ ಗೋರೆನ್ ಮನೆಮಾತಾಗಿಸಿದರು. ಇಬ್ಬರ ಕೈ ಸೇರಿ 26 ಇದ್ದರೆ ಗೇಮ್, 33 ಇದ್ದರೆ ಸಣ್ಣ ಸ್ಲ್ಯಾಮ್. ಕಲಿಯಲು ಐದು ನಿಮಿಷ ಸಾಕು. ಅಪಾಯವಿರುವುದೂ ಅಲ್ಲಿಯೇ.

ಒಂದು ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಣಿ, 10, 9, 5, ಆಟೀನಿನ ಎಕ್ಕ, ರಾಣಿ, 10, 8, 2, ಡೈಮಂಡಿನ 7, 4, ಕಳಾವರಿನ 3. ಇನ್ನೊಂದರಲ್ಲಿ ಇಸ್ಪೀಟಿನ ರಾಣಿ, 7, 4, 3. ಆಟೀನಿನ ರಾಣಿ, ಗುಲಾಮ, 4. ಡೈಮಂಡಿನ ರಾಜ, 6, 2. ಕಳಾವರಿನ ರಾಜ, ಗುಲಾಮ, 5. ಎರಡಕ್ಕೂ 12 ಅಂಕ. ಮೊದಲನೆಯದನ್ನು ಹಿಡಿದು ಯಾರಾದರೂ ಬಿಡ್ ಮಾಡಿಯಾರು. ಎರಡನೆಯದರಲ್ಲಿ ಎಕ್ಕವಿಲ್ಲ, ಉದ್ದನೆಯ ಜಾತಿಯೊಂದಿಲ್ಲ. ನಾನಂತೂ ಪಾಸ್ ಎನ್ನುವೆ.

ಅಂಕ ಮುಚ್ಚಿಟ್ಟ ಈ ಅಂತರವನ್ನು ಸೋಲುವ ಟ್ರಿಕ್ಕುಗಳ ಎಣಿಕೆ ತೋರಿಸುತ್ತದೆ. ಪ್ರತಿ ಜಾತಿಯ ಮೊದಲ ಮೂರು ಎಲೆಗಳನ್ನಷ್ಟೇ ನೋಡಿ. ಎಕ್ಕ, ರಾಜ, ರಾಣಿಯರಲ್ಲಿ ಇಲ್ಲದ ಪ್ರತಿಯೊಂದಕ್ಕೂ ಒಂದು ಸೋಲು. ಎರಡೇ ಎಲೆಯಿದ್ದರೆ ಎರಡನ್ನು, ಒಂದೇ ಇದ್ದರೆ ಒಂದನ್ನು ಮೀರದು. ಮೊದಲ ಕೈಗೆ 5, ಎರಡನೆಯದಕ್ಕೆ 8. ಇಬ್ಬರ ಸೋಲುಗಳನ್ನು ಕೂಡಿಸಿ 24ರಿಂದ ಕಳೆದರೆ ಗೆಲ್ಲಬಹುದಾದ ಟ್ರಿಕ್ಕುಗಳ ಅಂದಾಜು ದೊರೆಯುತ್ತದೆ. ಇಸ್ಪೀಟನ್ನು ಬೆಂಬಲಿಸಿದ ಜೊತೆಗಾರನ ಕೈಯಲ್ಲಿ 9 ಸೋಲುಗಳಿದ್ದರೆ ಮೊದಲನೆಯದಕ್ಕೆ 10 ಟ್ರಿಕ್ಕು, ನಾಲ್ಕು ಇಸ್ಪೀಟಿಗೆ ಬೇಕಾದಷ್ಟೇ. ಎರಡನೆಯದಕ್ಕೆ ಬರಿಯ 7. ಇಬ್ಬರಲ್ಲೂ ಸೇರಿ ಎಂಟಾದರೂ ತುರುಫು ಎಲೆಗಳಿದ್ದಾಗ ಮಾತ್ರ ಈ ಲೆಕ್ಕ. ನೋ ಟ್ರಂಪಿಗೆ ಸಲ್ಲದು.

ಬಹಳ ವರ್ಷ ನನಗೆ ಜೊತೆಗಾರರಾಗಿದ್ದ, ಈಗ ನಮ್ಮೊಡನಿಲ್ಲದ ಗಣಿತದ ಉಪಾಧ್ಯಾಯರೊಬ್ಬರು ಇದನ್ನು ಒಪ್ಪುತ್ತಿರಲಿಲ್ಲ. "ಒಮ್ಮೆ ಕೊಟ್ಟ ಅಂಕವನ್ನು ತಿದ್ದುವುದುಂಟೇ ಮೇಷ್ಟ್ರೇ?" ಎನ್ನುವರು. ನನ್ನ ತಕರಾರೆಲ್ಲ ಈ ಮಾತಿನ ಮೇಲೆಯೇ. ಕೈಯ ಬೆಲೆ ಪ್ರತಿ ಬಿಡ್ಡಿಗೂ ಏರಿಳಿಯುತ್ತದೆ. ನನ್ನಲ್ಲಿ ಡೈಮಂಡಿನ ರಾಜನಿದ್ದು ಬಲಗಡೆಯವನು ಡೈಮಂಡ್ ಎಂದರೆ, ಎಕ್ಕ ಅವನಲ್ಲಿರುವ ಸಂಭವ ಹೆಚ್ಚು; ಜೊತೆಗಾರನ ಕಡೆಯಿಂದ ಎಲೆ ಬಂದಾಗ ಅವನು ನನಗಿಂತ ಮೊದಲು ಇಳಿಸಬೇಕಾದ್ದರಿಂದ ರಾಜ ಬದುಕುತ್ತಾನೆ. ಎಡಗಡೆಯವನು ಹಾಗೆಂದರೆ ಅದೇ ರಾಜ ಬಲಿಯ ಕುರಿ. ಕಳಾವರಿನ ನನ್ನ ಒಂಟಿ ಎಲೆಯ ಎದುರು ಜೊತೆಗಾರನಲ್ಲಿ ಕಳಾವರಿನ ರಾಜ, ರಾಣಿ, ಗುಲಾಮರಿದ್ದರೆ ಅವರ ಆರು ಅಂಕ ಹೆಚ್ಚುಕಡಿಮೆ ದಂಡ. ಅಲ್ಲಿ ಮೂರು ಸಣ್ಣ ಎಲೆಗಳಿದ್ದರೆ ಆ ಒಂಟಿ ಎಲೆ ಬಂಗಾರ.

ಇದರ ಮೇಲೆ ಒಮ್ಮೆ ವಾದ ಬೆಳೆದು ಎರಡು ತಿಂಗಳು ನಾವಿಬ್ಬರೂ ಒಟ್ಟಿಗೆ ಆಡಲಿಲ್ಲ. ಆಮೇಲೆ ಅವರೇ ಒಂದು ಸಂಜೆ ಹಳೆಯ ಅಂಕಗಳ ರಿಜಿಸ್ಟರು ಹಿಡಿದು ಬಂದರು. ಖಾಲಿ ಪುಟಗಳಲ್ಲಿ ಪೆನ್ಸಿಲಿನಿಂದ ಮೂರು ಸಾಲು ಕಂಬಗಳು: ಅಂಕ, ಸೋಲು, ಗೆದ್ದ ಟ್ರಿಕ್ಕು. ತಾವೊಬ್ಬರೇ ಮನೆಯಲ್ಲಿ ನಾಲ್ಕು ಕೈ ಹಂಚಿಕೊಂಡು ಆಡಿ ಬರೆದದ್ದು. ಮೇಲೆ ಕೆಂಪು ಶಾಯಿಯಲ್ಲಿ ಶೀರ್ಷಿಕೆ: "ಮರುಮೌಲ್ಯಮಾಪನ".