ತೊಟ್ಟಿಮನೆಯ ಹಿತ್ತಿಲು

ಸಾಗರ ಸೀಮೆಯ ಅಡಕೆ ತೋಟವೊಂದರ ಮಗ್ಗುಲಲ್ಲಿ, ಕೆಡಹಬೇಕೆಂದು ನಿಶ್ಚಯವಾಗಿದ್ದ ಹಳೆಯ ತೊಟ್ಟಿಮನೆಯೊಂದನ್ನು ಅದರ ಒಡೆಯರು ಮನಸ್ಸು ಬದಲಿಸಿ ಜೀರ್ಣೋದ್ಧಾರಗೈದು, ಅತಿಥಿಗಳ ವಾಸಕ್ಕೆ ತೆರೆದಿಟ್ಟಿರುವರೆಂದು ಕೇಳಿ, ಶ್ರಾವಣದ ಮೂರು ದಿನಗಳನ್ನು ಅಲ್ಲಿ ಕಳೆದು ಬಂದೆನು. ಹಲಸಿನ ಮರದ ಕಂಬಗಳು ತಲೆಮಾರುಗಳ ಅಂಗೈ ಸೋಕಿ ಸೋಕಿ ಎದೆಯೆತ್ತರದಲ್ಲಿ ಕನ್ನಡಿಯಂತೆ ನುಣುಪಾಗಿವೆ. ಅವಕ್ಕೆ ವಾರ್ನಿಷು ಬಳಿಯದೆ ಬಿಟ್ಟದ್ದು ದೊಡ್ಡ ವಿವೇಕ. ಮಾಡಿನಿಂದ ಇಳಿಸಿದ ಮಂಗಳೂರು ಹೆಂಚುಗಳನ್ನೂ (1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಉದ್ಯಮದ ಸಂತತಿಯಿದು) ಪಾಚಿ ಕೆರೆದು, ತೊಳೆದು, ಮರಳಿ ಹೊದಿಸಿರುವರು.

ಆದರೆ ನನ್ನ ಮನಸ್ಸು ನೆಲೆನಿಂತದ್ದು ಹಿತ್ತಿಲಿನಲ್ಲಿ. ಬಚ್ಚಲ ನೀರು ಹರಿಯುವೆಡೆ ಕೆಸುವೂ ಬಾಳೆಯೂ, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ಬೇಲಿಗೆ ಹಬ್ಬಿದ ಬಸಳೆ, ಹಲಸಿನ ಬೊಡ್ಡೆಯನ್ನು ತಬ್ಬಿ ಏರಿದ ಕಾಳುಮೆಣಸಿನ ಬಳ್ಳಿ: ಕೇವಲ ಶೋಭೆಗಾಗಿ ನೆಟ್ಟ ಗಿಡ ಒಂದೂ ಇಲ್ಲ, ಆದರೂ ಅದಕ್ಕಿಂತ ಶೋಭಾಯಮಾನವಾದ ಉದ್ಯಾನವನ್ನು ನಾನು ಕಾಣೆ. ಗೋಡೆಯನ್ನಷ್ಟೇ ಉಳಿಸಿ ಹಿತ್ತಿಲನ್ನು ಹುಲ್ಲುಹಾಸು ಮಾಡಿಬಿಟ್ಟ ಮನೆಗಳನ್ನೂ ನೋಡಿರುವೆನು. ಅವು ಅಡುಗೆಯಿಲ್ಲದ ಒಲೆಯಂತೆ ನನಗೆ ತೋರುತ್ತವೆ.

"ಮಧ್ಯಾಹ್ನಕ್ಕೆ ತಂಬುಳಿ ಮಾಡ್ತೇನೆ, ಒಂದು ಹಿಡಿ ಸೊಪ್ಪು ಕೊಯ್ದು ತನ್ನಿ" ಎಂದು ಮನೆಯ ಅಮ್ಮ ಬಿದಿರು ಬುಟ್ಟಿಯನ್ನು ಕೈಗಿತ್ತರು. ಜೀರಿಗೆ, ಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿದ ಒಂದೆಲಗವನ್ನು ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ, ಬಿಸಿ ಅನ್ನದ ಮೇಲೆ ಅವರು ಹುಯ್ಯುತ್ತಿರಲು, ತೊಟ್ಟಿಯ ನಾಲ್ಕು ಅಂಚುಗಳಿಂದಲೂ ಮಳೆ ಧಾರೆಧಾರೆಯಾಗಿ ಇಳಿಯುತ್ತಿತ್ತು.