ಬಾಟಲ್ ವಾರ್ಮರ್‌ನಲ್ಲಿ ಕಾಯಿಸಿದ ಅಂಟು

ಅಮ್ಮ ಮೈಸೂರಿನಿಂದ ಬಂದಿಳಿದ ನಾಲ್ಕನೇ ದಿನ ಮನೆಗೆ ಒಂದು ಪಾರ್ಸೆಲ್ ಬಂತು. ನಾನು ಆಫೀಸ್ ಮೀಟಿಂಗಿನಲ್ಲಿದ್ದೆ, ಬಿಚ್ಚಿದ್ದು ಅಮ್ಮನೇ. ಒಳಗಿದ್ದದ್ದು ಮಗುವಿನ ಹಾಲಿನ ಬಾಟಲಿ ಬಿಸಿ ಮಾಡುವ ವಾರ್ಮರ್. ಮೀಟಿಂಗ್ ಮುಗಿಸಿ ಆಚೆ ಬಂದಾಗ ಅವಳ ಮುಖ ನೀವು ನೋಡಬೇಕಿತ್ತು. ಹತ್ತಿರ ಕೂರಿಸಿಕೊಂಡು ತಲೆ ಸವರಿ, "ನಂಗೆ ಯಾವಾಗ ಹೇಳೋಣ ಅಂತಿದ್ದೆ?" ಅಂದಳು.

"ಅಮ್ಮ, ಅದು ಅಂಟು ಕಾಯಿಸೋಕೆ."

ನಿರಾಸೆ ಎರಡೇ ನಿಮಿಷ. ಆಮೇಲೆ ಬಂದಿದ್ದು ನಾನು ಹೆದರಿದ್ದ ಪ್ರಶ್ನೆ. "ಕಾಯಿಸೋ ಅಂಟಾ? ಯಾತರದ್ದು ಅದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ದನದ ಚರ್ಮದ್ದು" ಅಂದೆ. ಅಮ್ಮ ವಾರ್ಮರ್ ಇಟ್ಟಿದ್ದ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಂಟಿನ್ನೂ ಬಂದೇ ಇರಲಿಲ್ಲ, ಆದರೂ ಒರೆಸಿದಳು.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅಪ್ಪ ಒಂದು ಗಿಟಾರ್ ಕೊಡಿಸಿದ್ದರು. ಪ್ಲೈವುಡ್ಡಿನದು, 3,500 ರೂಪಾಯಿ. ಅಮ್ಮನಿಗೆ ನಾನು ವೀಣೆ ಮುಂದುವರಿಸಲಿ ಅಂತ ಆಸೆ. ಅಪ್ಪ ಅವಳಿಗೆ ಹೇಳದೆ ತಂದಿದ್ದರು. ಅಪ್ಪ ಈಗಿಲ್ಲ. ಗಿಟಾರ್ ನನ್ನ ಜೊತೆ ಪೆನ್ಸಿಲ್ವೇನಿಯಾಕ್ಕೆ ಬಂತು. ಹೋದ ಬೇಸಿಗೆಯಲ್ಲಿ ಅದನ್ನು ಮಧ್ಯಾಹ್ನವೆಲ್ಲ ಕಾರಿನಲ್ಲೇ ಬಿಟ್ಟುಬಿಟ್ಟೆ. ಸಂಜೆ ತೆಗೆದರೆ ಬ್ರಿಡ್ಜ್, ಅಂದರೆ ತಂತಿಗಳನ್ನು ಕೆಳಗಡೆ ಹಿಡಿದಿಟ್ಟುಕೊಳ್ಳುವ ಮರದ ಪಟ್ಟಿ, ಅರ್ಧ ಎದ್ದು ನಿಂತಿತ್ತು. ರಿಪೇರಿಗೆ ಕೊಟ್ಟೆ. ಒಬ್ಬರು ಎಪಾಕ್ಸಿ ಹಾಕಿ ಒತ್ತಿ ಕಳಿಸಿದರು. ಎರಡು ತಿಂಗಳಿಗೆ ಮತ್ತೆ ಎದ್ದಿತು. ಈ ಸಲ ಕೆಳಗಿನ ಮರದ ಪದರವನ್ನೂ ಕಿತ್ತುಕೊಂಡೇ ಎದ್ದಿತು.

ನಾನಿರುವ ಊರಿಂದ ನಜರೆತ್ ಅರ್ಧ ಗಂಟೆ ದಾರಿ. ಗಿಟಾರ್ ಹುಚ್ಚಿನವರಿಗೆ ಆ ಹೆಸರು ಗೊತ್ತಿರುತ್ತೆ. ಜರ್ಮನಿಯಿಂದ 1833ರಲ್ಲಿ ನ್ಯೂಯಾರ್ಕಿಗೆ ಬಂದ ಸಿ. ಎಫ್. ಮಾರ್ಟಿನ್ ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಹೋಗಿ ನೆಲೆಸಿದರು. ಅವರ ಕಂಪನಿ ಇವತ್ತಿಗೂ ಅಲ್ಲೇ ಗಿಟಾರ್ ಮಾಡುತ್ತಿದೆ. ಹಾಗಾಗಿ ಸುತ್ತಮುತ್ತ ಗಿಟಾರ್ ಕಟ್ಟುವ, ಬಿಚ್ಚುವ ಕೈಗಳು ಇವೆ. ಅಂಥ ಒಬ್ಬ ಎಪ್ಪತ್ತು ದಾಟಿದ ತಾತನ ಶೆಡ್ಡಿನಲ್ಲಿ ಶನಿವಾರ ಶನಿವಾರ ನಾವು ನಾಲ್ಕು ಜನ ಕಲಿಯುತ್ತೇವೆ. ಅಪ್ಪನ ಗಿಟಾರ್ ನೋಡಿ ಅವರು ನೇರವಾಗಿ ಹೇಳಿದರು: ಇದರ ಬೆಲೆಗಿಂತ ಕೆಲಸವೇ ಹೆಚ್ಚು. ಹೌದು, ಆದರೂ ಮಾಡಬೇಕು ಅಂದೆ. ಅವರು ಮತ್ತೆ ಕೇಳಲಿಲ್ಲ.

ಎಪಾಕ್ಸಿಯನ್ನು ಬಿಸಿ ಮಾಡಿ, ಕೆರೆದು, ಕಿತ್ತುಹೋದ ಕಡೆ ತೆಳ್ಳಗಿನ ಸ್ಪ್ರೂಸ್ ಮರದ ತೇಪೆ ಹಾಕುವುದಕ್ಕೇ ಮೂರು ಶನಿವಾರ ಹೋಯಿತು. ಕೆರೆಯುತ್ತಾ ಕೂತಾಗಲೇ ನನಗೆ ಈ ಹಳೇ ಅಂಟಿನ ಪಾಠವಾಗಿದ್ದು. ಇಂಗ್ಲಿಷಿನಲ್ಲಿ ಹೈಡ್ ಗ್ಲೂ. ಚರ್ಮವನ್ನು ನೀರಿನಲ್ಲಿ ಬಿಸಿ ಮಾಡಿದಾಗ ಅದರ ಕೊಲಾಜೆನ್ ಕರಗಿ ಬರುವುದೇ ಈ ಅಂಟು. ಜೆಲಾಟಿನ್‌ನ ಖಾಸಾ ಅಕ್ಕ. ಈಜಿಪ್ಟಿನ ಮರಗೆಲಸದವರಿಗೂ ಗೊತ್ತಿತ್ತು. ಇವತ್ತಿನ ಕ್ಲಾಸಿಕಲ್ ಗಿಟಾರಿಗೆ ಆಕಾರ ಕೊಟ್ಟ ಸ್ಪೇನಿನ ಆಂಟೋನಿಯೋ ದೆ ತೋರೆಸ್ 19ನೇ ಶತಮಾನದಲ್ಲಿ ಗಿಟಾರ್ ಕೂಡಿಸಿದ್ದೂ ಇಂಥದ್ದರಲ್ಲೇ. 20ನೇ ಶತಮಾನದ ನಡುವೆ ಬಾಟಲಿಯ ಅಂಟು ಬಂತು, ಕಾರ್ಖಾನೆಗಳಿಗೆ ಸಲೀಸಾಯಿತು. ಮಾರ್ಟಿನ್‌ನವರು ಹಳೇ ಮಾದರಿಯ ದುಬಾರಿ ಗಿಟಾರುಗಳಿಗೆ ಈಗಲೂ ಚರ್ಮದಂಟನ್ನೇ ಹಾಕುತ್ತಾರೆ.

ಯಾಕೆ ಅಂದರೆ, ಒಣಗಿದ ಮೇಲೆ ಇದು ಗಾಜಿನ ಹಾಗೆ ಗಟ್ಟಿ. ಫೆವಿಕಾಲ್ ಜಾತಿಯ ಬಿಳಿ ಅಂಟಿಗೆ ಮೆತ್ತಗಿನ ಗುಣವಿದೆ, ಸದಾ ಭಾರ ಬೀಳುವ ಕಡೆ ಸಣ್ಣಗೆ ಜರುಗುತ್ತಲೇ ಇರುತ್ತೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿ ಸೇರಿ ಸುಮಾರು 70 ಕೆಜಿ ಎಳೆತ, ಹಗಲು ರಾತ್ರಿ. ಚರ್ಮದಂಟು ಒಣಗುತ್ತಾ ಎಷ್ಟು ಕುಗ್ಗುತ್ತೆ ಅಂದರೆ, ಉಜ್ಜಿ ಮಬ್ಬು ಮಾಡಿದ ಗಾಜಿನ ಮೇಲೆ ಹಚ್ಚಿ ಬಿಟ್ಟರೆ ಗಾಜಿನ ಚಕ್ಕೆಗಳನ್ನೇ ಕಿತ್ತುಕೊಂಡು ಮೇಲೇಳುತ್ತೆ. ಕಿಟಕಿ ಗಾಜಿನಲ್ಲಿ ಎಲೆಯಂಥ ಚಿತ್ತಾರ ಮೂಡಿಸಲು ಈ ಗುಣವನ್ನೇ ಬಳಸುತ್ತಾರೆ. "ಇದರಿಂದ ಗಿಟಾರಿನ ದನಿಯೇ ಬೇರೆ" ಅನ್ನುವವರೂ ಇದ್ದಾರೆ. ನನ್ನ ಕಿವಿಗೆ ಅಷ್ಟೊಂದು ನಂಬಿಕೆ ಇಲ್ಲ.

ನನ್ನನ್ನು ಹಿಡಿದಿದ್ದು ಬೇರೆ. ಬೇಕೆಂದಾಗ ಇದು ಬಿಡುತ್ತೆ. ಬಿಸಿ, ಸ್ವಲ್ಪ ನೀರು, ತೆಳು ಚಾಕು, ತಾಳ್ಮೆ. ಬಹಳಷ್ಟು ಸಲ ಮರಕ್ಕೆ ಪೆಟ್ಟಾಗದೆ ಬೆಸುಗೆ ಬಿಚ್ಚಬಹುದು. ಹಳೇ ಅಂಟಿನ ಮೇಲೆ ಹೊಸದನ್ನು ಹಚ್ಚಿದರೂ ಕೂಡಿಕೊಳ್ಳುತ್ತೆ. ಐವತ್ತು ವರ್ಷ ಬಿಟ್ಟು ಯಾರೋ ಈ ಗಿಟಾರ್ ಬಿಚ್ಚಬೇಕಾದರೆ ನನ್ನ ಹಾಗೆ ಕೆರೆಯುತ್ತಾ ಕೂರಬೇಕಿಲ್ಲ. (ಬಹಳ ದಿನ ಬಿಸಿ, ತೇವ ಎರಡೂ ಇರುವ ಕಡೆ ಇಟ್ಟರೆ ನಾವು ಬಯಸದೇ ಬಿಟ್ಟುಕೊಳ್ಳುವುದೂ ಉಂಟು. ಅದೂ ನಿಜವೇ.)

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸಾಲದು ಅಂತ ನನ್ನ ಬ್ರಹ್ಮಾಸ್ತ್ರ ತೆಗೆದೆ. "ಮಾವನ ಮೃದಂಗಕ್ಕೆ ಏನು ಹೊದಿಸಿರ್ತಾರೆ ಅಮ್ಮ? ದನ, ಎಮ್ಮೆ, ಆಡು, ಮೂರೂ ಇರತ್ತೆ. ಅದನ್ನ ದೇವರ ಮುಂದೆ ಇಟ್ಟು ಕುಂಕುಮ ಇಡ್ತೀರಲ್ಲ?"

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. "ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯೇನೇ? ನಲವತ್ತು ವರ್ಷದಿಂದ ಗೊತ್ತು. ಆದ್ರೆ ಮೃದಂಗ ನಾನು ಒಲೆ ಪಕ್ಕ ಇಟ್ಟು ಬೇಯಿಸಲ್ಲ" ಅಂದಳು.

ಉತ್ತರ ಹೊಳೆಯಲಿಲ್ಲ. ಹಾಗೆ ನೋಡಿದರೆ ಪ್ರಾಣಿಯ ಅಂಟೇ ಬೇಡ ಅಂತ ಕಟ್ಟುವ ಗಿಟಾರ್ ಕುಶಲಕರ್ಮಿಗಳೂ ಇದ್ದಾರೆ, ಅವರ ಗಿಟಾರುಗಳೂ ಚೆನ್ನಾಗೇ ನಿಂತಿವೆ. ನಾನೂ ಬಾಟಲಿ ಅಂಟನ್ನೇ ತರಬಹುದಿತ್ತು. ಎರಡು ದಿನ ಯೋಚಿಸಿದೆ. ಆದರೆ ಇನ್ನೊಮ್ಮೆ ಬಿಟ್ಟರೆ ಆ ಪ್ಲೈವುಡ್ಡು ಉಳಿಯಲ್ಲ ಅನ್ನುವ ಭಯ ಇತ್ತು. ಕೊನೆಗೆ ವಾರ್ಮರ್, ಅಂಟು, ಒಂದು ಹಳೇ ಲೋಟ ಎಲ್ಲ ಗ್ಯಾರೇಜಿಗೆ ಹೋದವು. ಅಮ್ಮ ಅದಕ್ಕೆ ಸರಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಅಂಟು ಹರಳು ಹರಳಾಗಿ ಬರುತ್ತೆ, ಪುಡಿ ಮಾಡಿದ ಕಲ್ಲುಸಕ್ಕರೆಗೆ ಚೂರು ಬೆಲ್ಲದ ಬಣ್ಣ ಹಚ್ಚಿದ ಹಾಗೆ. ರಾತ್ರಿ ಎರಡರಷ್ಟು ತೂಕದ ತಣ್ಣೀರಿನಲ್ಲಿ ನೆನೆಸಿದರೆ ಬೆಳಗ್ಗೆ ಸಬ್ಬಕ್ಕಿಯಂತೆ ಉಬ್ಬಿರುತ್ತೆ. ಆಮೇಲೆ ಸುಮಾರು 60 ಡಿಗ್ರಿಯಲ್ಲಿ ಕರಗಿಸಬೇಕು. ಕುದಿಸಿದರೆ ಸತ್ವ ಹೋಗುತ್ತೆ. ನೇರ ಬೆಂಕಿ ಬೇಡ, ಸುತ್ತ ಬಿಸಿನೀರು ಸಾಕು. ಬಾಟಲ್ ವಾರ್ಮರ್ ಅದಕ್ಕೇ. ವಾಸನೆ ಇದೆ, ಇಲ್ಲ ಅನ್ನಲಾರೆ. ಒದ್ದೆ ನಾಯಿ ಪಕ್ಕ ಕೂತಂತೆ.

ಕಷ್ಟ ಇರುವುದು ಸಮಯದಲ್ಲಿ. ಹಚ್ಚಿದ ಮೇಲೆ ಒಂದು ನಿಮಿಷವೂ ಸಿಗಲ್ಲ, ತಣ್ಣಗಾಗುತ್ತಲೇ ಜೆಲ್ಲಿಯಾಗುತ್ತೆ. ಆದ್ದರಿಂದ ಮರವನ್ನೇ ಬೆಚ್ಚಗೆ ಮಾಡಿಟ್ಟುಕೊಂಡು ಹಚ್ಚಿ, ಕೂರಿಸಿ, ಕ್ಲಾಂಪ್ ಬಿಗಿಯಬೇಕು. ಅಂಟಿಲ್ಲದೆ ಹನ್ನೆರಡು ಸಲ ಅಭ್ಯಾಸ ಮಾಡಿದೆ. ಹನ್ನೆರಡು ಸಲವೂ ಒಂದು ಕೈ ಕಮ್ಮಿ ಬಿತ್ತು. ಗಂಡ ಆಫೀಸ್ ಕೆಲಸದ ಮೇಲೆ ಊರಲ್ಲಿರಲಿಲ್ಲ.

ಕುಂಚ ಎತ್ತಿ ಅಂಟು ಹೇಗೆ ಇಳಿಯುತ್ತೆ ನೋಡುತ್ತಿದ್ದೆ. ಗ್ಯಾರೇಜ್ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತಿದ್ದ ಅಮ್ಮ ಅಂದಳು, "ಪಾಕ ಗಟ್ಟಿಯಾಯ್ತು. ನೀರು ಹಾಕು."

ಹಾಕಿದೆ. ಮತ್ತೆ ಎತ್ತಿದೆ. ಎಳೆ ಮುರಿಯದೆ ಇಳಿಯಿತು.

"ಹಾಂ, ಈಗ ಒಂದೆಳೆ. ಏನು ಹಿಡ್ಕೋಬೇಕು ಕೊಡು."

ಹೇರ್ ಡ್ರೈಯರ್ ಕೊಟ್ಟೆ. ತೋಳು ಉದ್ದಕ್ಕೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಅಪ್ಪನ ಗಿಟಾರಿಗೆ ಬಿಸಿಗಾಳಿ ಬಿಟ್ಟಳು. ನಾನು ಎರಡೂ ಕಡೆ ಅಂಟು ಹಚ್ಚಿ, ಬ್ರಿಡ್ಜ್ ಕೂರಿಸಿ, ಒಳಗಿಂದ ಮೂರು ಕ್ಲಾಂಪ್ ಬಿಗಿದೆ. ಅಂಚಿನಲ್ಲಿ ಸುತ್ತಲೂ ಸಣ್ಣ ಮಣಿಗಳಂತೆ ಅಂಟು ಉಕ್ಕಿತು. ಉಕ್ಕಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಅಮ್ಮ ಡ್ರೈಯರ್ ಕೆಳಗಿಟ್ಟು ನೇರ ಸ್ನಾನಕ್ಕೆ ಹೋದಳು.

ಮೂರನೇ ದಿನ ತಂತಿ ಕಟ್ಟಿದೆ. ಬ್ರಿಡ್ಜ್ ಅಲುಗಲಿಲ್ಲ. ಅಮ್ಮ ಬಂದು ದಪ್ಪ ತಂತಿಯನ್ನು ತೋರುಬೆರಳಿನಿಂದ ಮೀಟಿ, ವೀಣೆಯಲ್ಲಿ ಮೀಟುವ ಹಾಗೇ, ದನಿ ಪೂರ್ತಿ ಆರುವ ತನಕ ಕೇಳಿಸಿಕೊಂಡಳು. "ನಿಮ್ಮಪ್ಪ ಇದಕ್ಕೆ ಎಂಟು ನೂರು ಅಂತ ಹೇಳಿದ್ರು ನಂಗೆ" ಅಂದಳು.

ಉಳಿದ ಅಂಟನ್ನು ಐಸ್ ಟ್ರೇಗೆ ಸುರಿದು ಗ್ಯಾರೇಜಿನ ಹಳೇ ಫ್ರೀಜರಿನಲ್ಲಿಟ್ಟೆ. ಬೇಕಾದಾಗ ಒಂದೊಂದು ತುಂಡು ಕರಗಿಸಬಹುದು. ಮಾರನೇ ದಿನ ನೋಡಿದರೆ ಟ್ರೇ ಮೇಲೆ ಟೇಪ್ ಅಂಟಿತ್ತು, ಅಮ್ಮನ ದುಂಡಗಿನ ಅಕ್ಷರದಲ್ಲಿ "ಅಡುಗೆಗೆ ಅಲ್ಲ". ಅಕ್ಟೋಬರಿನಲ್ಲಿ ಅವಳು ಮೈಸೂರಿಗೆ ಹೊರಟಳು. ಟೇಪ್ ನಾನು ತೆಗೆದಿಲ್ಲ. ಭಾನುವಾರದ ಫೋನಿನಲ್ಲಿ ಊಟ, ಹವಾಮಾನ ಎಲ್ಲ ಆದಮೇಲೆ ಕೇಳುತ್ತಾಳೆ: "ಅದು ಬಿಟ್ಕೊಂಡಿಲ್ಲ ತಾನೇ?"