ಕೋಡಿ ಅಳಿವೆಯಿಂದ ಲಿನೋ ಹಲಗೆಗೆ

ಜುಲೈ ತಿಂಗಳು. ಕೋಡಿಯ ಸೀವಾಕ್ ತುದಿಯಲ್ಲಿ ನಿಂತಿದ್ದೀರಿ. ಕೊಡೆ ಬಿಚ್ಚುವ ಮಾತೇ ಇಲ್ಲ, ಈ ಗಾಳಿಗೆ ಕಡ್ಡಿಯೂ ಉಳಿಯದು. ಮಳೆ ಕೆನ್ನೆಗೆ ಅಡ್ಡಡ್ಡ ಬಾರಿಸುತ್ತಿದೆ. ತುಟಿ ನೆಕ್ಕಿದರೆ ಉಪ್ಪು. ಎಡಕ್ಕೆ ಕಡಲು, ಎದುರಿಗೆ ಗಂಗೊಳ್ಳಿ, ನಡುವೆ ಅಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆಗಳು ಘಟ್ಟದ ಕೆಂಪು ನೀರು ಹೊತ್ತು ತಂದು ಇದೊಂದೇ ಬಾಗಿಲಲ್ಲಿ ಕಡಲಿಗೆ ನೂಕುತ್ತಿವೆ. ಕಡಲು ಅಷ್ಟೇ ಜೋರಾಗಿ ವಾಪಸು ನೂಕುತ್ತಿದೆ.

ಸ್ಕೆಚ್‌ಬುಕ್ ಪ್ಲಾಸ್ಟಿಕ್ ಚೀಲದೊಳಗಿದೆ, ಬಲಗೈಯೂ ಅದರೊಳಗೇ. ಪೆನ್ಸಿಲ್ ಹಿಡಿದ ಬೆರಳುಗಳು ನೆನೆದು ನೆರಿಗೆಗಟ್ಟಿವೆ. ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ ಇನ್ನೂ ಮುಗಿದಿಲ್ಲ. ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿಕೊಂಡಿವೆ. ಈಗ ಕಡಲಿಗೆ ಇಳಿಯುವುದು ನಾಡದೋಣಿ ಮಾತ್ರ. ಅಗೋ, ಒಂದು ಮರಳಿ ಬರುತ್ತಿದೆ. ಅಳಿವೆಯ ಹೊರಗೇ ನಿಂತು ತೆರೆ ಎಣಿಸುತ್ತಿದೆ. ದೊಡ್ಡ ತೆರೆಗಳ ಸಾಲು ದಾಟಲಿ ಎಂದು ಕಾಯುತ್ತಿದ್ದಾರೆ. ಒಮ್ಮೆ ನುಗ್ಗಿದ ಮೇಲೆ ತಿರುಗಿಸುವಂತಿಲ್ಲ, ಅಡ್ಡ ಸಿಕ್ಕ ದೋಣಿಯನ್ನು ತೆರೆ ಮಗುಚಿಹಾಕುತ್ತದೆ.

“ಹ್ವಾಯ್, ಹಿಂದೆ ಬನಿ, ತೆರಿ ಬತ್ತ್!” ಬೆನ್ನ ಹಿಂದೆ ಯಾರೋ ಕೂಗುತ್ತಾರೆ. ಕಾಲಡಿಯ ಕಾಂಕ್ರೀಟು ಗುದ್ದಿಗೆ ನಡುಗುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಏರುತ್ತದೆ. ಹೊರಟರು. ಮೂತಿ ಮೇಲೆದ್ದಿತು. ಇಡೀ ದೋಣಿ ಕಾಣೆ. ಮತ್ತೆ ಬಂತು. ಮುಂದೆ ನಿಂತವನು ಮೈಯ ಭಾರವನ್ನೆಲ್ಲ ಎಡಕ್ಕೆ ಎಸೆಯುತ್ತಾನೆ. ನಿಮ್ಮ ಉಸಿರು ಗಂಟಲಲ್ಲೇ ನಿಂತಿದೆ. ಕೈ ಮಾತ್ರ ಓಡುತ್ತಿದೆ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿ ನೋಡಿ ಪಳಗಿದ ಕೈ ಅದು. ಮುಖ ಬೇಡ, ಬಟ್ಟೆ ಬೇಡ, ಬೆನ್ನಿನ ಬಾಗು ಸಿಕ್ಕರೆ ಸಾಕು ಎಂದು ಅದಕ್ಕೆ ಗೊತ್ತು. ಸಿಕ್ಕಿತು. ದೋಣಿ ಒಳನೀರಿಗೆ ಬಂದು ಎಂಜಿನ್ ತಗ್ಗಿಸಿದಾಗಲೇ ನಿಮ್ಮ ಮೊಣಕಾಲು ನಡುಗಲು ಶುರುಮಾಡುವುದು.

ಈಗ ಕೋಟೇಶ್ವರದ ಮನೆಯ ಹಿಂಬದಿಯ ಚಾವಡಿಯಲ್ಲಿದ್ದೀರಿ. ಲಿನ್ಸೀಡ್ ಎಣ್ಣೆಯ ವಾಸನೆ, ಅದರ ಜೊತೆಗೆ ಬೂಸಲು ಹಿಡಿದ ಕಾಗದದ ವಾಸನೆ. ಲಿನೋ ಹಲಗೆಯ ಮೇಲೆ ಅದೇ ಅಳಿವೆ, ಆದರೆ ಕಡಲು ಬಲಕ್ಕಿದೆ. ಅಚ್ಚಿನಲ್ಲಿ ಎಡಕ್ಕೆ ಬರುತ್ತದೆ. ಮೊದಲ ಬಣ್ಣ ಹೊಳೆನೀರಿನ ಕೆಂಪು. ಬಾರ್ಕೂರಿನಿಂದ ಹೆಕ್ಕಿ ತಂದ ಹೆಂಚಿನ ಚೂರು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಎಣ್ಣೆಯಲ್ಲಿ ಅರೆದದ್ದು. ಬೈಂದೂರಿನ ಒತ್ತಿನೆಣೆ ಗುಡ್ಡದ ಮಣ್ಣನ್ನೂ ಅರೆದು ನೋಡಿದ್ದಿರಿ. ಅದಕ್ಕೆ ಈ ಬೆಂದ ಬಣ್ಣ ಬರಲಿಲ್ಲ. ಇದೇ ಕೋಟೇಶ್ವರದಲ್ಲಿ 1971ರಲ್ಲಿ ಹುಟ್ಟಿದ ಎಲ್.ಎನ್. ತಲ್ಲೂರ್ 2012ರ ಕೊಚ್ಚಿ-ಮುಜಿರಿಸ್ ಬಿಯೆನಾಲೆಯಲ್ಲಿ ಹೆಂಚಿನ ಮಾಡಿನ ಮೇಲೆ ಯೋಗಾಸನ ಹಾಕಿದ ಮಣ್ಣಿನ ಮನುಷ್ಯರನ್ನು ಕೂರಿಸಿದ್ದರು. ನಮ್ಮ ತಲೆಯ ಮೇಲಿನ ಹೆಂಚು ಕಲೆಯ ಸಾಮಗ್ರಿ ಎಂದು ಈ ಊರಿನವರಿಗೆ ಅದಕ್ಕಿಂತ ಚೆನ್ನಾಗಿ ಯಾರು ತೋರಿಸಿಯಾರು?

ವಾರ ಕಳೆದರೂ ಆ ಕೆಂಪು ಪೂರ್ತಿ ಒಣಗಿಲ್ಲ. ಬೆರಳ ತುದಿ ಇಟ್ಟರೆ ಸಣ್ಣಗೆ ಅಂಟುತ್ತದೆ. ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಕಲ್ಲಚ್ಚಿನಲ್ಲಿ ಹೊರಬಂದದ್ದು 1843ರ ಜುಲೈ 1ರಂದು. ಆ ಮುದ್ರಕರೂ ಇಂಥದೇ ತೇವದಲ್ಲಿ ಕಾಗದವನ್ನು ಸಂಭಾಳಿಸಿರಬೇಕು.

ಇನ್ನು ಎರಡನೆಯ ಬಣ್ಣ, ಕಪ್ಪು. ಅದೇ ಹಲಗೆಯನ್ನೇ ಮತ್ತೆ ಕೆತ್ತಬೇಕು. ಈಗ ಕೆತ್ತಿದ್ದು ಕೆಂಪಾಗಿ ಉಳಿಯುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ. ಕೆತ್ತಿದ ಮೇಲೆ ಮೊದಲಿನ ಹಲಗೆ ಇನ್ನಿಲ್ಲ. ಕೆಂಪು ಅಚ್ಚು ಇನ್ನೊಂದು ಬೇಕೆಂದರೂ ತೆಗೆಯುವಂತಿಲ್ಲ. ಮುಂದೆ ನಿಂತ ಆ ಮನುಷ್ಯನನ್ನು ಏನು ಮಾಡುವುದು? ಬಿಟ್ಟರೆ ಕಡಲಿನ ಕಪ್ಪಿನಲ್ಲಿ ಕರಗಿಹೋಗುತ್ತಾನೆ. ಉಳಿಯ ತುದಿಯನ್ನು ಅವನ ಬೆನ್ನ ಮೇಲೆ ಇಟ್ಟು, ಎತ್ತಿ, ಮತ್ತೆ ಇಡುತ್ತೀರಿ. ಅಂಗೈ ಬೆವರಿದೆ. ತಳ್ಳುತ್ತೀರಿ. ಲಿನೋ ಸುರುಳಿಸುರುಳಿಯಾಗಿ ಏಳುತ್ತದೆ. ಅವನು ಹೊಳೆಯ ಬಣ್ಣದಲ್ಲೇ ಇರಲಿ.

ರೋಲರ್ ಅಡಿಯಲ್ಲಿ ಶಾಯಿ, ಕಾದ ಕಾವಲಿಗೆ ನೀರುದೋಸೆ ಹುಯ್ದಂತೆ ಚುರ್ರೆನ್ನುತ್ತಿದೆ, ಹದ ಬಂದಿದೆ. ಶಾಯಿ ಹಚ್ಚಿದ ಹಲಗೆಯ ಮೇಲೆ ಹರಿದ ಬಲೆಯ ತುಂಡೊಂದನ್ನು ಹರಡುತ್ತೀರಿ. ನೂಲು ತಡೆದಲ್ಲಿ ಕಪ್ಪು ಕಾಗದ ಮುಟ್ಟುವುದಿಲ್ಲ. ಹಾಳೆಯ ಮೂಲೆಗಳನ್ನು ಗುರುತಿಗೆ ಕೂಡಿಸಿ ಇಳಿಬಿಟ್ಟು, ಸೌಟಿನ ಬೆನ್ನಿನಿಂದ ತಿಕ್ಕತೊಡಗುತ್ತೀರಿ.

ಕರೆಂಟು ಹೋಗುತ್ತದೆ.

ನಿಲ್ಲಿಸಬೇಡಿ. ನಿಲ್ಲಿಸಿದರೆ ಹಾಳೆ ಜರುಗುತ್ತದೆ. ಎಡಗೈ ಒತ್ತಿ ಹಿಡಿಯಿರಿ, ಬಲಗೈಗೆ ನೂಲಿನ ಗಂಟು ತಾಗುತ್ತದೆ, ದೋಣಿಯ ಅಂಚು ತಾಗುತ್ತದೆ, ಅಲ್ಲಿ ಹಗುರಾಗಿ, ಇಲ್ಲಿ ಜೋರಾಗಿ, ಇನ್ನೂ ಜೋರಾಗಿ. ತೋಳು ಉರಿಯುತ್ತಿದೆ. ಮಾಡಿನ ಮೇಲೆ ಮಳೆ ಭೋರ್ಗರೆಯುತ್ತಿದೆ. ಮೊಬೈಲಿನ ಬೆಳಕು ಹಲ್ಲಲ್ಲಿ ಕಚ್ಚಿಕೊಂಡು ಮೂಲೆಯಿಂದ ಹಾಳೆ ಎತ್ತುತ್ತೀರಿ.

ಕಪ್ಪು ಕಡಲು. ಅದರಲ್ಲಿ ಕೆಂಪು ಬೆನ್ನು, ಬಾಗಿದ್ದು ಬಾಗಿದ ಹಾಗೇ ಇದೆ. ಬಲೆಯ ಗೆರೆ ಮಾತ್ರ ದೋಣಿಯ ಮೂತಿಗೆ ಸುತ್ತಿಕೊಂಡಂತೆ ಬಂದಿದೆ. ಅದು ಬೇಡ. ಇನ್ನೂ ಹಾಳೆಗಳಿವೆ. ಮೇಣದ ಬತ್ತಿ ಹಚ್ಚಿಟ್ಟು, ರೋಲರ್‌ಗೆ ಮತ್ತೆ ಶಾಯಿ ಹಿಡಿಸಿ, ಬಲೆಯನ್ನು ಈ ಸಲ ಒಂದಂಗುಲ ಆಚೆಗೆ ಹರಡುತ್ತೀರಿ.